ಆ ವಿಡಿಯೊಗೆ ಇನ್ನೊಂದು ರೂಪಾಯಿ ಕೊಡಬೇಡಿ

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯವನು, ವಯಸ್ಸು 26. ರೈಸ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಹುಡುಗಿಯರ ಮೇಲೆ ನನಗೆ ಯಾವತ್ತೂ ಮನಸ್ಸಾಗಿಲ್ಲ, ಆಗುವುದು ಗಂಡಸರ ಮೇಲೆಯೇ. ಎಂಟು ದಿನದ ಹಿಂದೆ, ಆ್ಯಪ್‌ನಲ್ಲಿ ಪರಿಚಯವಾದವನೊಬ್ಬ ಕಾಲುವೆ ರಸ್ತೆಗೆ ಬಾ ಎಂದ. ಹೋದರೆ ನಾಲ್ವರಿದ್ದರು. ಧರ್ಮ ಕೆಡಿಸುವವನು ಎಂದು ಬೆಲ್ಟಿನಿಂದ ಹೊಡೆದರು, ಬಟ್ಟೆ ಬಿಚ್ಚಿಸಿ ‘ತಪ್ಪಾಯಿತು’ ಎನ್ನಿಸಿ ವಿಡಿಯೊ ಮಾಡಿದರು, ನನ್ನ ಫೋನಿನಿಂದಲೇ 18,000 ರೂಪಾಯಿ ಹಾಕಿಸಿಕೊಂಡರು. ಅವರಲ್ಲೊಬ್ಬ ನನ್ನ ಅಣ್ಣನ ಸಂಘದವನು. ಆಮೇಲೆ ಮತ್ತೆ 5,000 ಕೊಟ್ಟೆ. ಈಗ 30,000 ಕೇಳುತ್ತಿದ್ದಾರೆ, ಇಲ್ಲದಿದ್ದರೆ ವಿಡಿಯೊ ಮಿಲ್ ಸಾಹುಕಾರರಿಗೆ, ಓಣಿಯ ಗ್ರೂಪಿಗೆ ಹಾಕುತ್ತಾರಂತೆ. ಅಣ್ಣನಿಗೆ ಎಲ್ಲ ಗೊತ್ತಾಗಿದೆ. ‘ಹಿರಿಯರೊಬ್ಬರ ಹತ್ತಿರ 21 ದಿನ ಬಿಟ್ಟರೆ ಸರಿಯಾಗ್ತಾನ, ಬಂದ ಮ್ಯಾಲೆ ಮದುವಿ ಮಾಡಿಬಿಡೋಣು’ ಎಂದು ಅಪ್ಪನಿಗೆ ಹೇಳಿದ್ದಾನೆ. ಸೋದರಮಾವನ ಮಗಳನ್ನು ಗೊತ್ತು ಮಾಡಿದ್ದಾರೆ. ನನ್ನ ಕಡೆ ಇರುವವಳು ಅಕ್ಕ ಒಬ್ಬಳೇ. ನಾನು ದೇವರನ್ನು ಬಿಟ್ಟವನಲ್ಲ, ದಿನಾ ಪ್ರಾರ್ಥನೆ ಮಾಡುತ್ತೇನೆ. ನಾನು ಪಾಪಿಯೇ? ಪೊಲೀಸರ ಹತ್ತಿರ ಹೋದರೆ ನನ್ನನ್ನೇ ಹಿಡಿಯುತ್ತಾರಾ? ಮೊನ್ನೆ ರಾತ್ರಿ ಕಾಲುವೆ ದಂಡೆಗೆ ಹೋಗಿ ನಿಂತು ವಾಪಸ್ ಬಂದೆ.

ಉತ್ತರ: ತಮ್ಮಾ, ವಾಪಸ್ ಬಂದಿರಿ, ಅದು ದೊಡ್ಡದು. ಗುರುತು ಹತ್ತಬಾರದೆಂದು ನಿಮ್ಮ ಊರು, ಧರ್ಮ, ಇನ್ನೂ ಕೆಲವು ವಿವರಗಳನ್ನು ಪತ್ರದಿಂದ ತೆಗೆದಿದ್ದೇವೆ. ಧರ್ಮದ ಹೆಸರು ತೆಗೆದರೂ ಪತ್ರದಲ್ಲಿ ಏನೂ ಕಡಿಮೆಯಾಗಲಿಲ್ಲ. ಈ ಕೆಲಸ ಮಾಡುವವರು ಎಲ್ಲ ಧರ್ಮದಲ್ಲೂ ಇದ್ದಾರೆ.

ಮೊದಲು ಕಾಲುವೆಯ ಮಾತು. ಆ ಯೋಚನೆ ಮತ್ತೆ ಬಂದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮನಸ್, ಸರ್ಕಾರದ ಉಚಿತ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಸಲಿಂಗಿ ಎಂದು ಹೇಳಲು ಬಾಯಿ ಬರದಿದ್ದರೆ ‘ಹೊಡೆದಿದ್ದಾರೆ, ಹೆದರಿಸ್ತಿದ್ದಾರೆ, ಬದುಕೋದು ಬ್ಯಾಡ ಅನ್ನಸ್ತದ’ ಎಂದರೆ ಸಾಕು. ಈ ವಾರ ರಾತ್ರಿ ಒಬ್ಬರೇ ಮಲಗಬೇಡಿ. ಅಕ್ಕನ ಮನೆಗೆ ಹೋಗಲು ಒಂದು ನೆಪ ಹುಡುಕಿಕೊಳ್ಳಿ.

ಪೊಲೀಸರು ಹಿಡಿಯುತ್ತಾರಾ ಎಂಬ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿದೆ: ಹಿಡಿಯುವಂತಿಲ್ಲ. ಬ್ರಿಟಿಷರು 1860ರಲ್ಲಿ ತಂದ ದಂಡ ಸಂಹಿತೆಯ 377ನೇ ಕಲಮು ವಯಸ್ಕರ ಸಮ್ಮತಿಯ ಸಂಬಂಧಕ್ಕೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2018ರ ಸೆಪ್ಟೆಂಬರ್ 6ರಂದು ಒಮ್ಮತದಿಂದ ಹೇಳಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ. ‘377 ಹಾಕಸ್ತೀವಿ’ ಎಂದು ಆ ಹುಡುಗರು ಹೆದರಿಸಿದರೆ ಅದು ಬರೀ ಬೊಗಳೆ. ಕಾನೂನಿನ ಕಣ್ಣಿನಲ್ಲಿ ಅಪರಾಧ ಮಾಡಿದವರು ಅವರು. ಹೆದರಿಸಿ ಹಣ ಕಿತ್ತದ್ದು ಸುಲಿಗೆ (ಕಲಮು 308, ಏಳು ವರ್ಷದವರೆಗೆ ಸಜೆ), ಜೀವ ಬೆದರಿಕೆಗೆ ಕಲಮು 351, ಹೊಡೆದದ್ದಕ್ಕೆ 115.

ಇನ್ನು ವಿಡಿಯೊ. ಈ ಬಗೆಯ ಸುಲಿಗೆ ಹೇಗೆ ನಡೆಯುತ್ತದೆಂದು ನಿಮ್ಮ ಪತ್ರದ ಅಂಕಿಗಳೇ ಹೇಳುತ್ತವೆ: 18,000, ಆಮೇಲೆ 5,000, ಈಗ 30,000. ಎರಡನೇ ಸಲ ಕೊಟ್ಟಾಗ ‘ಇವನು ಕೊಡುವವನು’ ಎಂದು ಅವರಿಗೆ ಖಾತ್ರಿಯಾಯಿತು. ಕೊಟ್ಟರೆ ಅಳಿಸಿಬಿಡುತ್ತಾರೆ ಎಂಬ ಆಸೆ ಬೇಡ, ವಿಡಿಯೊ ಆಗಲೇ ನಾಲ್ಕೂ ಫೋನುಗಳಲ್ಲಿದೆ. ಹಣ ನಿಲ್ಲಿಸಿ, ಆದರೆ ಅವರನ್ನು ಬ್ಲಾಕ್ ಮಾಡಬೇಡಿ, ಬೈಯಬೇಡಿ. ‘ಸಂಬಳ ಆಗಿಲ್ಲ, ಸ್ವಲ್ಪ ದಿನ ತಡೀರಿ’ ಎಂದು ಒಂದೇ ಸಾಲು ಬರೆದು ಸುಮ್ಮನಾಗಿ. ಅವರು ಮತ್ತೆ ಮತ್ತೆ ಕಳಿಸುವ ಬೆದರಿಕೆಯೇ ನಿಮಗೆ ಸಾಕ್ಷಿ.

ಇಲ್ಲಿ ಬಹಳ ಜನ ಮಾಡುವ ತಪ್ಪೊಂದಿದೆ. ನಾಚಿಕೆಗೆ ಚಾಟ್ ಎಲ್ಲ ಅಳಿಸಿ, ಆ್ಯಪ್ ತೆಗೆದು, ಫೋನ್ ರೀಸೆಟ್ ಮಾಡಿಬಿಡುತ್ತಾರೆ. ಆಮೇಲೆ ತೋರಿಸಲು ಏನೂ ಉಳಿಯುವುದಿಲ್ಲ. ನೀವು ಆ್ಯಪ್‌ನಲ್ಲಿ ಅವನ ಪ್ರೊಫೈಲ್, ‘ಬಾ’ ಎಂದ ಮೆಸೇಜು, ಬೆದರಿಕೆಯ ಮೆಸೇಜುಗಳು, ಎಲ್ಲವನ್ನೂ ದಿನಾಂಕ, ಸಮಯ, ನಂಬರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಪ್ರತಿ ಯುಪಿಐ ಪಾವತಿಗೂ 12 ಅಂಕಿಯ ಯುಟಿಆರ್ ಸಂಖ್ಯೆ ಇರುತ್ತದೆ, ಹಣ ಯಾವ ಖಾತೆಗೆ ಹೋಯಿತೆಂದು ಪೊಲೀಸರು ಅದರಿಂದಲೇ ಹಿಡಿಯುವುದು. ಬ್ಯಾಂಕಿನಿಂದ ಆ ವಾರದ ಸ್ಟೇಟ್‌ಮೆಂಟ್ ತೆಗೆದಿಟ್ಟುಕೊಳ್ಳಿ. ಎಲ್ಲವನ್ನೂ ಅಕ್ಕನ ಫೋನಿಗೆ ಕಳಿಸಿ, ಆಕೆ ಉಳಿಸಿಕೊಂಡ ಮೇಲೆ ನಿಮ್ಮ ಫೋನಿನಲ್ಲಿ ಅಕ್ಕನಿಗೆ ಕಳಿಸಿದ ಮೆಸೇಜು ಮಾತ್ರ ಅಳಿಸಿ.

ಬೆಲ್ಟಿನ ಬಾಸುಂಡೆ ಕಾಯುವುದಿಲ್ಲ. ನೀಲಿ ಹಸಿರಾಗಿ, ಹಳದಿಯಾಗಿ, ಎರಡು ವಾರದೊಳಗೆ ಮಾಸಿಬಿಡುತ್ತದೆ. ಆದ್ದರಿಂದ ನಾಳೆಯೇ ಹಗಲು ಬೆಳಕಿನಲ್ಲಿ ಪಕ್ಕಕ್ಕೊಂದು ಸ್ಕೇಲ್ ಹಿಡಿದು ಫೋಟೊ ತೆಗೆಸಿ, ಒಂದು ಹತ್ತಿರದಿಂದ, ಒಂದು ಇಡೀ ಬೆನ್ನು ಕಾಣುವಂತೆ. ನಂತರ ಸರ್ಕಾರಿ ಆಸ್ಪತ್ರೆಗೆ ಹೋಗಿ ‘ಹೊಡೆದಿದ್ದಾರೆ, ಎಂಎಲ್‌ಸಿ ಮಾಡಿ’ ಎಂದು ಕೇಳಿ, ಅಂದರೆ ಪೊಲೀಸ್ ಪ್ರಕರಣಕ್ಕೆ ಬೇಕಾಗುವ ಗಾಯದ ದಾಖಲೆ. ‘ಬಿದ್ದೆ’ ಎಂದು ಹೇಳಿದರೆ ದಾಖಲೆಯಲ್ಲಿ ಬಿದ್ದದ್ದೇ ಉಳಿಯುತ್ತದೆ.

ದೂರಿನಲ್ಲಿ ನಿಮ್ಮ ಮನಸ್ಸಿನ ಒಲವು ಬರೆಯಲೇಬೇಕೆಂದಿಲ್ಲ. ಹೀಗೆ ಬರೆದರೆ ಸಾಕು: ‘ದಿನಾಂಕ ಇಂಥದ್ದರಂದು ಸಂಜೆ ಸುಮಾರು 7-30 ಗಂಟೆಗೆ, ಆನ್‌ಲೈನ್‌ನಲ್ಲಿ ಪರಿಚಯವಾದ ವ್ಯಕ್ತಿ ಕರೆದ ಮೇರೆಗೆ ನಾನು ಇಂಥ ಸ್ಥಳಕ್ಕೆ ಹೋದಾಗ, ಆತ ಮತ್ತು ಇನ್ನೂ ಮೂರು ಜನ ನನ್ನನ್ನು ತಡೆದು ನಿಲ್ಲಿಸಿ, ಅವಾಚ್ಯ ಶಬ್ದಗಳಿಂದ ಬೈದು, ಬೆಲ್ಟಿನಿಂದ ಹೊಡೆದು, ಬಲವಂತವಾಗಿ ಬಟ್ಟೆ ಬಿಚ್ಚಿಸಿ ವಿಡಿಯೊ ಮಾಡಿ, ಜೀವ ಬೆದರಿಕೆ ಹಾಕಿ ರೂ. 18,000 ವರ್ಗಾಯಿಸಿಕೊಂಡಿರುತ್ತಾರೆ. ನಂತರವೂ ಹೆದರಿಸಿ ರೂ. 5,000 ಪಡೆದಿರುತ್ತಾರೆ.’ ಗೊತ್ತಿದ್ದವನ ಹೆಸರು, ಬೈಕಿನ ನಂಬರು, ಯುಟಿಆರ್ ಸೇರಿಸಿ. ‘ಅಲ್ಲಿಗ್ಯಾಕ ಹೋಗಿದ್ದಿ?’ ಎಂದು ಕೇಳಿಯೇ ಕೇಳುತ್ತಾರೆ. ಗಾಡಿ ಪಂಕ್ಚರ್ ಆಗಿತ್ತು ಎಂದೆಲ್ಲ ಕಥೆ ಕಟ್ಟಬೇಡಿ. ನಾಳೆ ಚಾಟ್ ಹೊರಬಿದ್ದಾಗ ನಿಜವಾದ ದೂರೂ ಸುಳ್ಳಿನಂತೆ ಕಾಣುತ್ತದೆ. ‘ಭೇಟಿಯಾಗಲು ಕರೆದಿದ್ದ, ಹೋದೆ’ ಎಂದರೆ ಅದು ಸತ್ಯ, ಅದರಲ್ಲಿ ತಪ್ಪೂ ಇಲ್ಲ.

ನಿಮ್ಮ ಊರಿನ ಠಾಣೆಗೇ ಹೋಗಬೇಕಿಲ್ಲ. ಯಾವ ಠಾಣೆಯಲ್ಲಾದರೂ ಝೀರೊ ಎಫ್ಐಆರ್ ಮಾಡಬಹುದು, ಅದರ ಪ್ರತಿಯನ್ನು ನಿಮಗೆ ಉಚಿತವಾಗಿ ಕೊಡಬೇಕು. ವಿಡಿಯೊ ಬೆದರಿಕೆ ಇರುವುದರಿಂದ ಜಿಲ್ಲಾ ಕೇಂದ್ರದ ಸಿಇಎನ್ (ಸೈಬರ್ ಅಪರಾಧಗಳನ್ನು ನೋಡುವ) ಠಾಣೆ ಮೇಲು. ಊರ ಠಾಣೆಯಲ್ಲಿ ಆಗುವ ಎಡವಟ್ಟು ಏನೆಂದರೆ, ಪರಿಚಯದ ಪೇದೆ ನೇರ ಅಪ್ಪನಿಗೆ ಫೋನ್ ಮಾಡುತ್ತಾರೆ, ಸಂಜೆಯೊಳಗೆ ಹಿರಿಯರು ಕೂಡಿ ‘ರಾಜಿ’ ಮಾಡಿಸುತ್ತಾರೆ. ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿ ಅವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಒಬ್ಬರೇ ಹೋಗಬೇಡಿ. 15100ಕ್ಕೆ ಕರೆ ಮಾಡಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ದಾರಿ ತೋರಿಸುತ್ತಾರೆ. ವರಮಾನದ ಮಿತಿಯೊಳಗಿದ್ದರೆ, ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ.

ಇಷ್ಟೆಲ್ಲ ಮಾಡಿದರೂ ವಿಡಿಯೊ ಹೊರಬರಬಹುದು. ಬರುವುದಿಲ್ಲವೆಂದು ಮಾತು ಕೊಡಲು ಆಗುವುದಿಲ್ಲ. ಬಂದರೆ ಅದರಲ್ಲಿ ಕಾಣುವುದು ನಾಲ್ಕು ಜನ ಸೇರಿ ಒಬ್ಬನನ್ನು ಹೊಡೆದದ್ದು. ಎಫ್ಐಆರ್ ಮೊದಲೇ ಆಗಿದ್ದರೆ, ಹಂಚಿದವನು ತಾನೇ ಸಾಕ್ಷಿ ಒದಗಿಸಿದಂತೆ.

ನೀವು ಕೇಳಿದ ಪಾಪದ ಮಾತಿಗೆ ಬರುತ್ತೇನೆ. ಶಾಸ್ತ್ರದ ವ್ಯಾಖ್ಯಾನ ಮಾಡಲು ಈ ಅಂಕಣಕ್ಕೆ ಅಧಿಕಾರವಿಲ್ಲ. ಆದರೆ ಒಂದು ಗಮನಿಸಿ: 2009ರಲ್ಲಿ ದೆಹಲಿ ಹೈಕೋರ್ಟ್ ಮೊದಲ ಸಲ 377ನ್ನು ಸಡಿಲಿಸಿದಾಗ, ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಸಂಘಟನೆಗಳು ಮೂರೂ ಇದ್ದವು. ಬೇರೆ ದಿನ ಮುಖ ನೋಡದವರು ಅಂದು ಒಂದೇ ಸಾಲಿನಲ್ಲಿ ನಿಂತರು. ಅದೇ ಧರ್ಮಗಳನ್ನು ನಂಬಿಕೊಂಡೇ ಬದುಕುವ ಸಲಿಂಗಿಗಳೂ ನಮ್ಮ ನಡುವೆ ಇದ್ದಾರೆ. ನಮ್ಮ ಸೀಮೆಯನ್ನೇ ನೋಡಿ. ಮುನಿರಾಬಾದ್ ಹತ್ತಿರದ ಹುಲಿಗಿಯಲ್ಲಿ ಜೋಗಪ್ಪಗಳು ಕೊಡ ಹೊತ್ತು ಹುಲಿಗೆಮ್ಮನ ಮುಂದೆ ನಿಲ್ಲುತ್ತಾರೆ, ಜನ ಅವರ ಕಾಲು ಮುಟ್ಟುತ್ತಾರೆ. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂತು. ನೀವು ಅವರಂತಲ್ಲ. ಅವರದು ಹೆಣ್ಣಾಗಿ ಬಾಳುವ ಬದುಕು, ನೀವು ಗಂಡಾಗಿದ್ದು ಗಂಡನ್ನು ಇಷ್ಟಪಡುವವರು. ಮನೆಯಲ್ಲಿ ಯಾರಾದರೂ ಎರಡನ್ನೂ ಗೊಂದಲ ಮಾಡಿ, ಮುತ್ತು ಕಟ್ಟಿಸಿ ಜೋಗಪ್ಪನಾಗಿ ದೇವಿಗೆ ಬಿಡೋಣ ಎಂದರೆ ಒಪ್ಪಬೇಡಿ. ನಿಮ್ಮ ಪ್ರಾರ್ಥನೆ ನಿಲ್ಲಿಸಲು ಮಾತ್ರ ಯಾರಿಗೂ ಹಕ್ಕಿಲ್ಲ, ಅಣ್ಣನಿಗೂ ಇಲ್ಲ.

ಅಣ್ಣನ ಜೊತೆ ಗ್ರಂಥ ಹಿಡಿದು ವಾದಕ್ಕೆ ಕೂಡಬೇಡಿ. ಗೆದ್ದರೂ ಸೋತರೂ ಅವನ ಸಿಟ್ಟು ಏರುತ್ತದೆ. ಸಂಘದವರ ಬೆದರಿಕೆಯನ್ನು ಬಾಯಿಮಾತು ಎಂದು ತಳ್ಳಿಹಾಕಲೂ ಬೇಡಿ. ಢಾಕಾದಲ್ಲಿ ಸಲಿಂಗಿಗಳಿಗಾಗಿ ಪತ್ರಿಕೆ ತಂದ ಜುಲ್ಹಾಜ್ ಮನ್ನಾನ್ ಅವರನ್ನೂ ಅವರ ಗೆಳೆಯ ಮಹಬೂಬ್ ರಬ್ಬಿ ತನಯ್ ಅವರನ್ನೂ ಧರ್ಮಾಂಧರು 2016ರ ಏಪ್ರಿಲ್ 25ರಂದು ಮನೆಗೇ ನುಗ್ಗಿ ಕೊಂದರು. ಅವರು ಬಂದದ್ದು ಪಾರ್ಸೆಲ್ ಕೊಡುವವರ ವೇಷದಲ್ಲಿ. ನಿಮಗೆ ಹಾಗಾಗುತ್ತದೆಂದು ಹೇಳುತ್ತಿಲ್ಲ. ಆದರೆ ಹೊಸ ಜಾಗಕ್ಕೆ ಹೋದ ಮೇಲೆ ವಿಳಾಸವನ್ನು ಅಕ್ಕನಿಗಷ್ಟೇ ಕೊಡಿ, ತರಿಸದ ಪಾರ್ಸೆಲ್ಲಿಗೆ ಬಾಗಿಲು ತೆರೆಯಬೇಡಿ.

21 ದಿನದ ‘ಸರಿಮಾಡುವ’ ಜಾಗಕ್ಕೆ ಯಾವ ಕಾರಣಕ್ಕೂ ಹೋಗಬೇಡಿ, ‘ಎರಡೇ ದಿನ, ನೋಡಿ ಬರೋಣ’ ಎಂದರೂ. ಇಂಥ ಕಡೆ ಮೊದಲು ಕಿತ್ತುಕೊಳ್ಳುವುದು ಫೋನನ್ನು. ಆಮೇಲೆ ಉಪವಾಸ, ನಿದ್ದೆಗೆಡಿಸುವುದು, ಮೆಣಸಿನಕಾಯಿ ಹೊಗೆ, ಹೊಡೆತ. ಮನುಷ್ಯ ಹಣ್ಣಾಗಿ ‘ಸರಿಯಾದೆ’ ಎಂದಾಗ ಗುಣವಾಯಿತೆಂದು ಮನೆಗೆ ಕಳಿಸುತ್ತಾರೆ. ಗುಣವಾಗಲು ಇದು ಕಾಯಿಲೆಯೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಕಾಯಿಲೆಗಳ ಪಟ್ಟಿಯಿಂದ ಸಲಿಂಗ ಒಲವನ್ನು ತೆಗೆಯಿತು. ಒಲವು ಬದಲಿಸುತ್ತೇನೆ ಎಂದು ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಅಪ್ಪ ಡಾಕ್ಟರ ಹತ್ತಿರ ಹೋಗೋಣ ಎಂದರೆ, ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಅವರನ್ನೇ ಕರೆದುಕೊಂಡು ಹೋಗಿ. ‘ಇದು ರೋಗವಲ್ಲ’ ಎಂಬ ಮಾತು ಬಿಳಿ ಕೋಟಿನವರ ಬಾಯಿಂದ ಬಂದರೆ ಕೆಲವು ತಂದೆಯರು ಕೇಳುತ್ತಾರೆ.

ಭೂತ ಬಿಡಿಸುವ ಹೆಸರಿನಲ್ಲಿ ಕಟ್ಟಿಹಾಕಿ ಹೊಡೆಯುವುದು ನಮ್ಮ ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆಯಡಿ ಅಪರಾಧ, ಕೂಡಿಹಾಕುವುದು ನ್ಯಾಯ ಸಂಹಿತೆಯ 127ರಡಿ ಅಪರಾಧ. ಇಷ್ಟಾದರೂ ಒತ್ತಾಯದಿಂದ ಕರೆದೊಯ್ದರೆ ಅಕ್ಕ 112ಕ್ಕೆ ಫೋನ್ ಮಾಡಬೇಕು. ಅದಕ್ಕಾಗಿ ನೀವಿಬ್ಬರೇ ಒಂದು ಗುಟ್ಟಿನ ಮಾತು ಗೊತ್ತುಮಾಡಿಕೊಳ್ಳಿ, ಪಕ್ಕದಲ್ಲಿದ್ದವರಿಗೆ ಜೋಳದ ಹಿಟ್ಟಿನ ಮಾತಿನಂತೆ ಕೇಳಬೇಕು. ಪೊಲೀಸರು ಹುಡುಕದಿದ್ದರೆ ಅಕ್ಕನೇ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ (ಕೂಡಿಹಾಕಿದವರನ್ನು ಕೋರ್ಟಿನ ಮುಂದೆ ತರಿಸುವ ಅರ್ಜಿ) ಹಾಕಬಹುದು. ಕೊಪ್ಪಳ, ಬಳ್ಳಾರಿಯವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ. ಇಂಥ ಅರ್ಜಿ ಬಂದಾಗ ಒಲವು ಬದಲಿಸುವಂತೆ ಕೌನ್ಸೆಲಿಂಗ್ ಮಾಡಿಸಕೂಡದು ಎಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಎಲ್ಲ ಹೈಕೋರ್ಟುಗಳಿಗೂ ಸೂಚಿಸಿದೆ.

ಮನೆ ಬಿಡಬೇಕೇ? ನನ್ನ ಅಭಿಪ್ರಾಯದಲ್ಲಿ ಸದ್ಯಕ್ಕೆ ಬಿಡಬೇಕು, ಆದರೆ ಸಿಟ್ಟಿನಲ್ಲಿ ರಾತ್ರೋರಾತ್ರಿ ಅಲ್ಲ. ಆಧಾರ್, ಪ್ಯಾನ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪದವಿ ಪ್ರಮಾಣಪತ್ರ, ಪಾಸ್‌ಬುಕ್ ಒಂದೊಂದಾಗಿ ಅಕ್ಕನ ಮನೆ ಸೇರಲಿ. ಸಿಮ್ ಯಾರ ಹೆಸರಿನಲ್ಲಿದೆ ನೋಡಿ. ಅಪ್ಪನ ಹೆಸರಿನಲ್ಲಿದ್ದರೆ ಅವರು ಡೂಪ್ಲಿಕೇಟ್ ಸಿಮ್ ತೆಗೆಸಿದ ದಿನ ನಿಮ್ಮ ಓಟಿಪಿ, ಬ್ಯಾಂಕು, ವಾಟ್ಸಾಪ್ ಎಲ್ಲ ಅವರ ಕೈಗೆ ಹೋಗುತ್ತದೆ. ನಿಮ್ಮ ಹೆಸರಿನಲ್ಲೇ ಹೊಸ ಸಿಮ್ ಕೊಂಡು, ಬ್ಯಾಂಕಿಗೂ ಆಧಾರ್‌ಗೂ ಆ ನಂಬರು ಜೋಡಿಸಿ. ವಾಟ್ಸಾಪ್‌ನ ಲಿಂಕ್ಡ್ ಡಿವೈಸಸ್‌ನಲ್ಲಿ ಗೊತ್ತಿಲ್ಲದ್ದು ಏನಿದ್ದರೂ ಲಾಗ್ ಔಟ್ ಮಾಡಿ, ಗೂಗಲ್ ಮ್ಯಾಪ್‌ನಲ್ಲಿ ಲೊಕೇಶನ್ ಶೇರಿಂಗ್ ಆಫ್ ಇದೆಯೇ ನೋಡಿ. ದೊಡ್ಡ ಊರಿನಲ್ಲಿ ಪಿಜಿ ಮುಂಗಡ, ಊಟ, ಓಡಾಟ ಸೇರಿ ಮೊದಲ ಎರಡು ತಿಂಗಳಿಗೆ 25,000 ರೂಪಾಯಿಯಾದರೂ ಕೈಯಲ್ಲಿರಲಿ. ಸುಲಿಗೆಯವರು ಕೇಳಿದ 30,000 ಹೊಂದಿಸುವ ಶಕ್ತಿ ನಿಮಗಿದ್ದರೆ, ಆ ಹಣ ಇದಕ್ಕೆ ಆಗಲಿ.

ಮನೆಯ ಒಡವೆ, ನಗದು, ಬೈಕು ಯಾವುದನ್ನೂ ಮುಟ್ಟಬೇಡಿ. ಹೋದವರ ಮೇಲೆ ಮನೆಯವರು ಹಾಕುವುದು ಎರಡೇ ದೂರು, ಒಂದು ಕಾಣೆ, ಇನ್ನೊಂದು ಕಳವು. ಎರಡಕ್ಕೂ ಮದ್ದು ಹೊರಡುವ ದಿನದ ಒಂದು ಪತ್ರ: ‘ನಾನು ವಯಸ್ಕ, ಸ್ವಇಚ್ಛೆಯಿಂದ ಮನೆ ಬಿಟ್ಟಿದ್ದೇನೆ, ನನ್ನ ಬಟ್ಟೆ ಮತ್ತು ದಾಖಲೆ ಬಿಟ್ಟು ಬೇರೇನೂ ತಂದಿಲ್ಲ, ಮನೆಯವರಿಂದ ಜೀವಭಯವಿದೆ’. ಸಹಿ ಹಾಕಿ, ಆಧಾರ್ ಪ್ರತಿ ಇಟ್ಟು, ಎಸ್‌ಪಿ ಅವರಿಗೂ ನಿಮ್ಮ ಠಾಣೆಗೂ ಸ್ಪೀಡ್ ಪೋಸ್ಟ್ ಮಾಡಿ. ಯಾವ ಬಸ್ಸು, ಯಾವ ರೈಲು ಎಂದು ಇಲ್ಲಿ ಬರೆಯುವುದಿಲ್ಲ, ಈ ಅಂಕಣವನ್ನು ನಿಮ್ಮ ಅಣ್ಣನೂ ಓದಬಹುದು. ಗಂಡಸರಿಗೆಂದು ಸರ್ಕಾರದ ಆಶ್ರಯಧಾಮ ಸಿಗುವುದು ಕಷ್ಟ. ಲೈಂಗಿಕ ಅಲ್ಪಸಂಖ್ಯಾತರ ಪರ ಕೆಲಸ ಮಾಡುವ, ಬೆಂಗಳೂರಿನ ‘ಸಂಗಮ’ದಂಥ ಸಂಸ್ಥೆಗಳನ್ನು ಮೊದಲೇ ಸಂಪರ್ಕಿಸಿ. ಜಿಲ್ಲಾ ಆಸ್ಪತ್ರೆಯ ಐಸಿಟಿಸಿ (ಎಚ್‌ಐವಿ ಪರೀಕ್ಷೆ ಮತ್ತು ಸಲಹಾ ಕೇಂದ್ರ) ಆಪ್ತ ಸಮಾಲೋಚಕರಿಗೂ ನಿಮ್ಮಂಥವರ ಜೊತೆ ಕೆಲಸ ಮಾಡುವ ಸ್ಥಳೀಯ ಗುಂಪುಗಳ ಪರಿಚಯವಿರುತ್ತದೆ.

ಉಳಿದದ್ದು ಮದುವೆ. ಮಾವನ ಮಗಳಿಗೆ ಇದಾವುದೂ ಗೊತ್ತಿಲ್ಲ, ಆಕೆಯ ಇಡೀ ಬಾಳಿನ ಪ್ರಶ್ನೆ ಇದು. ಕಾರಣ ಹೇಳುವ ಧೈರ್ಯ ಈಗ ಬೇಡ. ‘ಈ ಮದುವಿ ನನಗ ಒಪ್ಪಿಗಿಲ್ಲ, ಆಕಿಗೆ ಬ್ಯಾರೆ ಕಡೆ ನೋಡ್ರಿ’ ಎಂದು ಅಕ್ಕನ ಬಾಯಿಂದ ಅತ್ತೆಗೆ ಈ ವಾರವೇ ಹೇಳಿಸಿ, ನಿಶ್ಚಯದ ಸೀರೆ ಕೊಳ್ಳುವ ಮೊದಲೇ.