ಟಲ್ಸಾದಲ್ಲಿ ಮನೆ ಹುಡುಕುವ ಮೊದಲು

ಒಕ್ಲಹೋಮಾದ ಟಲ್ಸಾದಲ್ಲಿ ಕೆಲಸ ಸಿಕ್ಕಿದೆ, ‘ಉತ್ತರ ಭಾಗದಲ್ಲಿ ಮಾತ್ರ ಮನೆ ಮಾಡಬೇಡಿ’ ಎಂದು ಎಲ್ಲರೂ ಹೇಳುತ್ತಿದ್ದಾರೆ, ಯಾಕೆ ಎಂದು ಕೇಳಿದ್ದೀರಿ. ಬಂದ ಹೊಸದರಲ್ಲಿ ನನಗೂ ಇದೇ ಬುದ್ಧಿಮಾತು ಸಿಕ್ಕಿತ್ತು. ಹೇಳಿದವರು ಹೆಚ್ಚಾಗಿ ನಮ್ಮವರೇ, ಅದೂ ಆ ಕಡೆ ಒಮ್ಮೆಯೂ ಕಾಲಿಡದವರು.

1921ರ ಮೇ 31ರ ರಾತ್ರಿಯಿಂದ ಮರುದಿನದವರೆಗೆ ಬಿಳಿಯರ ಗುಂಪು ಇದೇ ಉತ್ತರ ಭಾಗದ ಗ್ರೀನ್‌ವುಡ್ ಎಂಬ ಕಪ್ಪುವರ್ಣೀಯರ ಬಡಾವಣೆಗೆ ನುಗ್ಗಿ ಸುಮಾರು 35 ಬ್ಲಾಕುಗಳನ್ನು ಸುಟ್ಟುಹಾಕಿತು. ಸತ್ತವರು 300ರವರೆಗೂ ಇರಬಹುದೆಂಬ ಅಂದಾಜಿದೆ. ವೈದ್ಯರು, ವಕೀಲರು, ಹೋಟೆಲು, ಚಿತ್ರಮಂದಿರ, ಪತ್ರಿಕೆ ಎಲ್ಲವೂ ಇದ್ದ ಅನುಕೂಲಸ್ಥರ ಜಾಗ ಅದು.

ಬೆಂಕಿ ಒಂದು ದಿನಕ್ಕೆ ಆರಿತು. ಆಮೇಲೆ ಕಾಗದಪತ್ರಗಳ ಸರದಿ. ದಂಗೆಯ ನಷ್ಟಕ್ಕೆ ಪರಿಹಾರವಿಲ್ಲ ಎಂಬ ಷರತ್ತನ್ನು ತೋರಿಸಿ ವಿಮಾ ಕಂಪನಿಗಳು ಕೈತೊಳೆದುಕೊಂಡವು. ಸುಟ್ಟ ಜಾಗದಲ್ಲಿ ಬಡವರು ಮತ್ತೆ ಮನೆ ಕಟ್ಟಲಾಗದಂತೆ ನಗರಾಡಳಿತ ಅಗ್ನಿಸುರಕ್ಷತೆಯ ಹೆಸರಿನಲ್ಲಿ ನಿಯಮ ತಂದಿತು, ಬಿ.ಸಿ. ಫ್ರಾಂಕ್ಲಿನ್ ಎಂಬ ವಕೀಲರು ಡೇರೆಯಲ್ಲೇ ಕಚೇರಿ ಹೂಡಿ, ನ್ಯಾಯಾಲಯದಲ್ಲಿ ಅದನ್ನು ಬೀಳಿಸಿದರು. ಜನ ಗ್ರೀನ್‌ವುಡ್ಡನ್ನು ಮತ್ತೆ ಕಟ್ಟಿದರು, ಚೆನ್ನಾಗಿಯೇ ಕಟ್ಟಿದರು. ಬುದ್ಧಿ ಹೇಳುವವರು ಇದನ್ನು ಮಾತ್ರ ಹೇಳುವುದಿಲ್ಲ. ಹಾಗೆ ಕಟ್ಟಿದ್ದರ ಬಹುಭಾಗ ಮುಂದೆ ಹಳೆಯ ಕಟ್ಟಡಗಳನ್ನು ಕೆಡವುವ ‘ನಗರ ನವೀಕರಣ’ ಯೋಜನೆಗೂ ಅಂತರರಾಜ್ಯ ಹೆದ್ದಾರಿ 244ಕ್ಕೂ ಹೋಯಿತು. ಉತ್ತರ ಮತ್ತು ದಕ್ಷಿಣದ ನಡುವೆ ಇಂದು ಕಾಣುವ ಅಂತರ ತಾನಾಗಿ ಹುಟ್ಟಿದ್ದಲ್ಲ.

ಬಂದ ಮೊದಲ ವಾರಾಂತ್ಯವೇ ಗ್ರೀನ್‌ವುಡ್ ಅವೆನ್ಯೂಗೆ ಹೋಗಿ, ನೆಲ ನೋಡಿಕೊಂಡು ನಡೆಯಿರಿ. ಕಾಲುದಾರಿಯಲ್ಲಿ ಹುದುಗಿಸಿದ ಸಣ್ಣ ಫಲಕಗಳಲ್ಲಿ ಅಂಗಡಿಯ ಹೆಸರು, 1921ರಲ್ಲಿ ನಾಶವಾಯಿತು, ಮತ್ತೆ ತೆರೆಯಿತು ಅಥವಾ ತೆರೆಯಲಿಲ್ಲ, ಇಷ್ಟೇ ಇರುತ್ತದೆ. ತುಸು ಮುಂದೆ ಹೋದರೆ ತಲೆಯ ಮೇಲೆ ಹೆದ್ದಾರಿ, ಲಾರಿಗಳ ಸದ್ದು. ಅದನ್ನು ದಾಟಿದರೆ ವರ್ನನ್ ಚರ್ಚು. ಅಂದು ಅದರ ನೆಲಮಾಳಿಗೆ ಮಾತ್ರ ಉಳಿದಿತ್ತು.

ಹಳೆಯ ಕಥೆ ಎಂದುಕೊಳ್ಳಬೇಡಿ. 1921ರಲ್ಲಿ ಸತ್ತವರನ್ನು ಹುಡುಕಿ ಓಕ್‌ಲಾನ್ ಸ್ಮಶಾನದಲ್ಲಿ ಗುರುತಿಲ್ಲದ ಗೋರಿಗಳನ್ನು 2020ರಿಂದ ಅಗೆಯುತ್ತಿದ್ದಾರೆ. ಅಲ್ಲಿ ಸಿಕ್ಕ ಒಬ್ಬರ ಹೆಸರು ಮೊದಲ ಬಾರಿಗೆ ತಿಳಿದದ್ದು 2024ರಲ್ಲಿ. ಅವರು ಮೊದಲ ಮಹಾಯುದ್ಧದ ಸೈನಿಕ. ಬದುಕುಳಿದ ವೃದ್ಧೆಯರ ಪರಿಹಾರದ ದಾವೆಯನ್ನು ರಾಜ್ಯದ ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿದ್ದೂ ಅದೇ ವರ್ಷ.

ಇನ್ನು ಮನೆ. ಉತ್ತರದಲ್ಲಿ ಬಾಡಿಗೆ ಕಡಿಮೆ, ದೊಡ್ಡ ದಿನಸಿ ಅಂಗಡಿಗಳೂ ಕಡಿಮೆ, ಕಾರಿಲ್ಲದೆ ಕಷ್ಟ. ಬೀದಿಯಿಂದ ಬೀದಿಗೆ ವ್ಯತ್ಯಾಸವಿದೆ, ಆದ್ದರಿಂದ ಹಗಲೊಮ್ಮೆ, ಕತ್ತಲಾದ ಮೇಲೊಮ್ಮೆ ಹೋಗಿ, ಅಕ್ಕಪಕ್ಕದವರನ್ನು ಮಾತನಾಡಿಸಿ ತೀರ್ಮಾನಿಸಿ. ದಕ್ಷಿಣದಲ್ಲಿ ಮಾಡುವುದಾದರೂ ಹೀಗೆಯೇ ಮಾಡಿ.