ಓದುಗರ ಪ್ರಶ್ನೆ: ಅಂಗಡಿಯ ಲೆಕ್ಕಪತ್ರ ಕ್ಲೌಡ್‌ಗೆ ಹೋಗಬೇಕೆ?

ಪ್ರಶ್ನೆ: ನಮ್ಮದು ಶಿರಸಿಯಲ್ಲಿ ಅಡಿಕೆ ವಖಾರಿ. ಮೂರು ಕಂಪ್ಯೂಟರಿನಲ್ಲಿ ಟ್ಯಾಲಿ ಗೋಲ್ಡ್ ಎಂಬ ಲೆಕ್ಕಪತ್ರದ ತಂತ್ರಾಂಶ ಇದೆ. ಡೇಟಾ ಇರುವ ಕಂಪ್ಯೂಟರ್ ಹಳೆಯದಾಗಿದೆ. ಹೊಸದು ಕೊಳ್ಳುವ ಬದಲು ಎಲ್ಲವನ್ನೂ ಕ್ಲೌಡ್‌ಗೆ ಹಾಕಿ, ಬೆಂಗಳೂರಿನಲ್ಲಿರುವ ಮಗನೂ ಲೆಕ್ಕ ನೋಡಬಹುದು ಎನ್ನುತ್ತಾರೆ. ಮಳೆಗಾಲದಲ್ಲಿ ಇಲ್ಲಿ ಕರೆಂಟನ್ನೂ ನೆಟ್ಟನ್ನೂ ನೆಚ್ಚುವ ಹಾಗಿಲ್ಲ. ಏನು ಮಾಡಲಿ?

ಉತ್ತರ: ಬ್ಯಾಕಪ್ ಇವತ್ತೇ ಕ್ಲೌಡ್‌ಗೆ ಹೋಗಲಿ. ಟ್ಯಾಲಿ ಸದ್ಯಕ್ಕೆ ವಖಾರಿಯಲ್ಲೇ ಇರಲಿ.

‘ಟ್ಯಾಲಿ ಆನ್ ಕ್ಲೌಡ್’ ಎಂದರೆ ನಿಮ್ಮ ಟ್ಯಾಲಿ ಮುಂಬೈಯಲ್ಲೋ ಹೈದರಾಬಾದಿನಲ್ಲೋ ಇರುವ ಸರ್ವರ್ ಮೇಲೆ ಓಡುತ್ತದೆ. ನಿಮ್ಮ ಮುಂದೆ ಕಾಣುವುದು ಅದರ ಪರದೆ ಮಾತ್ರ. ಇದಕ್ಕೆ ಭಾರೀ ವೇಗ ಬೇಡ, ಒಬ್ಬರಿಗೆ 1 ಎಂಬಿಪಿಎಸ್ ಧಾರಾಳ. ಆದರೆ ಲೈನ್ ಎರಡು ನಿಮಿಷ ಕಡಿದರೂ ಚಾಲಿ ಅಡಿಕೆಯ ಒಂದು ಬಿಲ್ ಕೂಡ ಆಗುವುದಿಲ್ಲ. ಟೆಂಡರ್ ಮುಗಿದು ರೈತರು ಎದುರಿಗೆ ನಿಂತಿರುವ ಹೊತ್ತಿನಲ್ಲಿ ಹೀಗಾದರೆ ಬಹಳ ಕಷ್ಟ.

ನಿಮ್ಮ ಲೈನ್ ಹೇಗಿದೆ ಎಂದು ನೀವೇ ನೋಡಬಹುದು. ಸೇವೆ ಕೊಡುವವರಿಂದ ಸರ್ವರಿನ ವಿಳಾಸ ಪಡೆದು, ಕಮಾಂಡ್ ಪ್ರಾಂಪ್ಟಿನಲ್ಲಿ ‘ಪಿಂಗ್’ ಆಜ್ಞೆಯನ್ನು ‘-ಟಿ’ ಸೇರಿಸಿ ಓಡಿಸಿ. ಮಿಲಿಸೆಕೆಂಡಿನ ಅಂಕಿ 150 ದಾಟುತ್ತಿದ್ದರೆ ಕೀಲಿ ಒತ್ತಿದ ಮೇಲೆ ಅಕ್ಷರ ತಡವಾಗಿ ಮೂಡುತ್ತದೆ. ‘ರಿಕ್ವೆಸ್ಟ್ ಟೈಮ್ಡ್ ಔಟ್’ ಪದೇಪದೇ ಬಂದರೆ ಅಲ್ಲಿಗೇ ಬಿಡಿ. ಈ ಪರೀಕ್ಷೆ ಜುಲೈನಲ್ಲಿ ಆಗಬೇಕು. ಜನವರಿಯಲ್ಲಿ ಎಲ್ಲ ಲೈನೂ ಚೆನ್ನಾಗಿಯೇ ಇರುತ್ತದೆ.

ಎರಡನೇ ಲೈನ್ ಹಾಕಿಸುವುದಾದರೆ ಅದು ಮೊದಲನೆಯದರ ಕಂಬ, ಕೇಬಲ್ ಹಂಚಿಕೊಳ್ಳಬಾರದು. ಬೇರೆ ಕಂಪನಿಯ ಸಿಮ್ ಹಾಕಿದ 4ಜಿ ರೂಟರ್ ಆಗಬಹುದು. ಅದಕ್ಕೂ ಮಿತಿಯಿದೆ. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆದದ್ದು ಜಿಲ್ಲೆಯವರಿಗೆಲ್ಲ ಗೊತ್ತು. ರಸ್ತೆ ಬದಿಯಲ್ಲೇ ಫೈಬರ್ ಹೋಗಿರುವ ಕಡೆ ಹಾಗಾದರೆ ಬ್ರಾಡ್‌ಬ್ಯಾಂಡೂ ಟವರೂ ಒಟ್ಟಿಗೇ ಸತ್ತುಹೋಗಬಹುದು.

ಖರ್ಚಿಗೆ ಐದು ವರ್ಷದ ಲೆಕ್ಕ ಹಾಕಿ. ತಲೆಗೆ ತಿಂಗಳಿಗೆ 800 ರೂಪಾಯಿ ಬಾಡಿಗೆ ಎಂದುಕೊಂಡರೂ ಮೂವರಿಗೆ 60 ತಿಂಗಳಿಗೆ 1,44,000 ರೂಪಾಯಿ, ಜೊತೆಗೆ ಶೇ. 18 ಜಿಎಸ್‌ಟಿ. ಟ್ಯಾಲಿ ಲೈಸೆನ್ಸ್ ಇದರಲ್ಲಿ ಸೇರಿದೆಯೇ ಎಂದು ಕೇಳಿ, ಸಾಮಾನ್ಯವಾಗಿ ಸೇರಿರುವುದಿಲ್ಲ. ಎಸ್‌ಎಸ್‌ಡಿ (ವೇಗದ ಡಿಸ್ಕ್) ಇರುವ ಹೊಸ ಕಂಪ್ಯೂಟರ್ ಮತ್ತು ಯುಪಿಎಸ್‌ನ ದರ ತಂದು ಇದರ ಪಕ್ಕದಲ್ಲಿಡಿ. ರೂಟರಿಗೂ ಫೈಬರ್ ಡಬ್ಬಿಗೂ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ. ಅಡಾಪ್ಟರ್ ಮೇಲೆ 2 ಆಂಪಿಯರ್ ಎಂದಿದ್ದರೆ 1 ಆಂಪಿಯರಿನದು ತರಬೇಡಿ, ರೂಟರ್ ಆಗಾಗ ತಾನೇ ರಿಸ್ಟಾರ್ಟ್ ಆಗುತ್ತದೆ.

ಮಗನ ವಿಷಯ. ಟ್ಯಾಲಿಯ ವಾರ್ಷಿಕ ಚಂದಾ ಚಾಲ್ತಿಯಲ್ಲಿದ್ದರೆ ಟ್ಯಾಲಿಪ್ರೈಮ್ ವರದಿಗಳನ್ನು ಬೆಂಗಳೂರಿನ ಬ್ರೌಸರಿನಲ್ಲೇ ನೋಡಬಹುದು. ವಖಾರಿಯಲ್ಲಿ ಟ್ಯಾಲಿ ತೆರೆದಿರಬೇಕು, ನೆಟ್ ಇರಬೇಕು. ಯಾರಾದರೂ ರೂಟರಿನಲ್ಲಿ 3389 ಪೋರ್ಟ್ ತೆರೆದು, ದೂರದಿಂದಲೇ ಕಂಪ್ಯೂಟರ್ ನಡೆಸುವ ರಿಮೋಟ್ ಡೆಸ್ಕ್‌ಟಾಪ್ ಮಾಡಿಕೊಡುತ್ತೇನೆ ಎಂದರೆ ಖಂಡಿತ ಬೇಡ ಎನ್ನಿ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವವರು ಮೊದಲು ತಟ್ಟುವ ಬಾಗಿಲೇ ಅದು.

ಬ್ಯಾಕಪ್ ಮಾಡುವಾಗ ಬಹಳ ಜನ ಟ್ಯಾಲಿಯ ಡೇಟಾ ಫೋಲ್ಡರನ್ನೇ ತಾನಾಗಿಯೇ ಕ್ಲೌಡ್‌ಗೆ ನಕಲಾಗುವ ಗೂಗಲ್ ಡ್ರೈವಿನ ಸಿಂಕ್ ಫೋಲ್ಡರಿನಲ್ಲಿ ಇಟ್ಟುಬಿಡುತ್ತಾರೆ. ಎಂಟ್ರಿ ಆಗುತ್ತಿರುವಾಗಲೇ ಡ್ರೈವ್ ಅರ್ಧ ಬರೆದ ಕಡತವನ್ನು ಎಳೆದುಕೊಂಡು ಡೇಟಾ ಕೆಡಬಹುದು. ಸಂಜೆ ಉಳಿದವರೆಲ್ಲ ಟ್ಯಾಲಿ ಮುಚ್ಚಿದ ಮೇಲೆ, ಡೇಟಾ ಇರುವ ಕಂಪ್ಯೂಟರಿನ ಟ್ಯಾಲಿಯಲ್ಲಿ ಆಲ್ಟ್+ವೈ ಒತ್ತಿ, ಬ್ಯಾಕಪ್ ಆರಿಸಿ, ದಿನಾಂಕದ ಹೆಸರಿನ ಬೇರೆ ಫೋಲ್ಡರಿಗೆ ತೆಗೆಯಿರಿ. ಆ ಫೋಲ್ಡರ್ ಮಾತ್ರ ಡ್ರೈವ್‌ಗೆ ಹೋಗಲಿ. ಡ್ರೈವಿನಲ್ಲಿ ಅಳಿಸಿದ್ದು ಕಸದಬುಟ್ಟಿಯಲ್ಲಿ ಉಳಿಯುವುದು 30 ದಿನ ಮಾತ್ರ. ಆದ್ದರಿಂದ ವಾರಕ್ಕೊಂದು ಪ್ರತಿ ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ಮನೆಯಲ್ಲಿರಲಿ, ಕೆಲಸ ಮುಗಿದ ಕೂಡಲೇ ಅದನ್ನು ಕಂಪ್ಯೂಟರಿನಿಂದ ಬಿಡಿಸಿ. ತಿಂಗಳಿಗೊಮ್ಮೆ ಒಂದು ಬ್ಯಾಕಪ್ಪನ್ನು ಖಾಲಿ ಫೋಲ್ಡರಿಗೆ ರಿಸ್ಟೋರ್ ಮಾಡಿ, ಯಾವುದಾದರೂ ಒಂದು ಪಾರ್ಟಿಯ ಬಾಕಿ ತಾಳೆ ನೋಡಿ. ಜಿಎಸ್‌ಟಿ ಕಾಯ್ದೆಯ ಪ್ರಕಾರ ಲೆಕ್ಕಪತ್ರವನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ತೆರೆಯಲಾಗದ ಬ್ಯಾಕಪ್ ಆಗ ಉಪಯೋಗಕ್ಕೆ ಬರುವುದಿಲ್ಲ.

ಪ್ರಶ್ನೆ: ಕಾರವಾರದಲ್ಲಿ ಫೋಟೋ ಸ್ಟುಡಿಯೋ ಇದೆ. ಮದುವೆ ವಿಡಿಯೋ 2 ಟಿಬಿ ಆಗಿದೆ. ಕ್ಲೌಡ್‌ಗೆ ಹಾಕಲೇ?

ಉತ್ತರ: ಅಪ್‌ಲೋಡ್ ವೇಗ 20 ಎಂಬಿಪಿಎಸ್ ಇದ್ದರೆ, ಎಡೆಬಿಡದೆ ನಡೆದರೂ ಒಂಬತ್ತು ದಿನ ಬೇಕು. ಎಡಿಟಿಂಗ್ ಅಂತೂ ಅಲ್ಲಿಂದ ಆಗದು. ಎರಡು ಹಾರ್ಡ್‌ಡಿಸ್ಕಿನಲ್ಲಿ ಪ್ರತಿ ಇಟ್ಟು, ಒಂದನ್ನು ಮನೆಯಲ್ಲಿಡಿ. ಕಡಲ ಗಾಳಿಯ ತೇವಕ್ಕೆ ಕನೆಕ್ಟರು ತುಕ್ಕು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ. ಗಿರಾಕಿಗೆ ಕೊಡುವ ಸಿದ್ಧ ವಿಡಿಯೋ ಮತ್ತು ಆಲ್ಬಮ್ ಮಾತ್ರ ಕ್ಲೌಡಿನಲ್ಲಿರಲಿ.

ಪ್ರಶ್ನೆ: ಕುಮಟಾ, ಹೊನ್ನಾವರ ಎರಡೂ ಕಡೆ ಅಂಗಡಿ, ಸ್ಟಾಕ್ ಒಂದೇ. ನಮಗೆ?

ಉತ್ತರ: ನಿಮಗೆ ಕ್ಲೌಡ್ ಸರಿ. ಎರಡು ಕಡೆಯ ಲೆಕ್ಕವನ್ನು ರಾತ್ರಿ ಕೂಡಿಸುವ ಕೆಲಸವೇ ತಪ್ಪುತ್ತದೆ. ನೆಟ್ ಹೋದಾಗ ಬರೆಯಲು ಬೇರೆ ಸರಣಿ ಸಂಖ್ಯೆಯ ಕೈಬಿಲ್ ಪುಸ್ತಕ ಎರಡೂ ಕಡೆ ಇರಲಿ. ಕ್ಲೌಡ್ ಸೇವೆ ಬಿಟ್ಟು ಹೋಗುವ ದಿನ ಪೂರ್ತಿ ಡೇಟಾ ಯಾವ ರೂಪದಲ್ಲಿ, ಎಷ್ಟು ದಿನದೊಳಗೆ ಕೊಡುತ್ತಾರೆ ಎಂಬುದನ್ನು ಕರಾರಿನಲ್ಲಿ ಬರೆಸಿ. ಅಡ್ಮಿನ್ ಖಾತೆ ನಿಮ್ಮ ಸ್ವಂತ ಇಮೇಲ್, ಮೊಬೈಲ್ ಸಂಖ್ಯೆಯಲ್ಲೇ ಇರಲಿ. ಕಂಪ್ಯೂಟರ್ ನೋಡಿಕೊಳ್ಳುವ ಹುಡುಗನ ಹೆಸರಿನಲ್ಲಿ ಬೇಡ.