ನೀರು ಮುಟ್ಟದ ಹುಡುಗಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಮಗಳಿಗೆ ಪದೇ ಪದೇ ಉರಿಮೂತ್ರ ಎಂದು ತಾಯಿ ಕರೆತಂದಿದ್ದರು. “ಗುಳಿಗಿ ತಗೊಂಡಾಗ ಕಡಿಮಿ ಆಗತದ್ರಿ ಮೇಡಂ, ತಿಂಗಳೊಪ್ಪತ್ತಿನಾಗ ಮತ್ತ ಬರತದ. ಮನಿ ಬಿಟ್ಟು ಹೊರಗ ಹೋದ್ಲಂದ್ರ ಹನಿ ನೀರು ಮುಟ್ಟಂಗಿಲ್ಲ.” ವೈದ್ಯರು ಮನಸ್ಸಿನ ತೊಂದರೆ ನೋಡುವ ನನ್ನ ಬಳಿ ಕಳಿಸಿದ್ದು ಈ ಕೊನೆಯ ಮಾತಿಗಾಗಿ.

ಆಕೆ ಉಕ್ರೇನಿನಲ್ಲಿ ಎಂಬಿಬಿಎಸ್ ಓದುತ್ತಿದ್ದವಳು. 2022ರ ಫೆಬ್ರುವರಿ 24ರಂದು ಯುದ್ಧ ಶುರುವಾದ ಮೇಲೆ ಎಲ್ವಿವ್‌ನಿಂದ ಪೋಲೆಂಡ್ ಗಡಿಯ ಶೆಹಿನಿಗೆ ಹೊರಟಳು. ವಾಹನಗಳು ಕಿಲೋಮೀಟರುಗಟ್ಟಲೆ ನಿಂತಿದ್ದರಿಂದ ಕೊನೆಯ ದಾರಿಯೆಲ್ಲ ಕಾಲ್ನಡಿಗೆ. ಗಡಿಯಲ್ಲಿ ಕೊರೆಯುವ ಚಳಿ, ಎರಡು ರಾತ್ರಿ ಕ್ಯೂ. ಬ್ರೆಡ್ಡು, ಚಹಾ ಯಾರೋ ಕೊಟ್ಟರು. ಶೌಚಕ್ಕೆ ಹೋದರೆ ಕ್ಯೂ ತಪ್ಪುತ್ತದೆ; ಪೊದೆಯ ಮರೆ ಹುಡುಕೋಣವೆಂದರೆ ಸುತ್ತಲೂ ಗಂಡಸರು, ಬಂದೂಕು ಹಿಡಿದವರು. ಅವಳಿಗೆ ಮುಟ್ಟು ಬೇರೆ. ಪ್ಯಾಡ್ ಬದಲಿಸುವಾಗ ಇಬ್ಬರು ಗೆಳತಿಯರು ಜಾಕೆಟ್ ಬಿಚ್ಚಿ ಅಡ್ಡ ಹಿಡಿದರಂತೆ. ಮೂವರೂ ನೀರು ಕುಡಿಯುವುದನ್ನೇ ಬಿಟ್ಟರು. ಮೂತ್ರದ ಉರಿ ಮೊದಲು ಕಾಣಿಸಿದ್ದು ಆಚೆಬದಿಯ ಮೆದಿಕಾದಲ್ಲಿ.

ನಿರಾಶ್ರಿತರ ಸುದ್ದಿ ಬಂದಾಗ ಕಂಬಳಿ, ಊಟದ ಲೆಕ್ಕ ಎಲ್ಲರೂ ಕೇಳುತ್ತಾರೆ. ಹೆಂಗಸರು ಎಲ್ಲಿ ಕೂರಬೇಕು ಎಂದು ಕೇಳುವವರು ಕಡಿಮೆ.

ಅಲ್ಲಿ ನೀರು ಬಿಟ್ಟದ್ದು ಹುಚ್ಚುತನವಲ್ಲ, ಆಗ ಅವಳಿಗಿದ್ದ ದಾರಿಯೇ ಅದು, ಎಂದೆ. ಇಲ್ಲಿಯೂ ಅದೇ ಮುಂದುವರಿದದ್ದು ತೊಂದರೆ. ಮೂತ್ರದ ಕಲ್ಚರ್ (ಯಾವ ರೋಗಾಣು ಎಂದು ಪತ್ತೆಹಚ್ಚುವ ಪರೀಕ್ಷೆ), ಸ್ಕ್ಯಾನ್ ಮೊದಲು ಮುಗಿಸಲಿ, ಆ್ಯಂಟಿಬಯಾಟಿಕ್ ಅರ್ಧಕ್ಕೆ ನಿಲ್ಲಿಸದಿರಲಿ. ಚಳಿಜ್ವರ, ಪಕ್ಕೆನೋವು ಬಂದರೆ ನನಗೆ ಫೋನ್ ಮಾಡುತ್ತ ಕೂರದೆ ನೇರ ಆಸ್ಪತ್ರೆಗೆ ಹೋಗಲಿ ಎಂದು ಹೇಳಿದೆ. ಆಮೇಲೆ ಅಭ್ಯಾಸ: ಕಾಲೇಜಿನಲ್ಲಿ ಚಿಲಕ ಸರಿಯಿರುವ ಒಂದು ಶೌಚಾಲಯ ಗೊತ್ತುಮಾಡಿಕೊಳ್ಳುವುದು, ಬಾಟಲಿಗೆ ಪೆನ್ನಿನಿಂದ ಗೆರೆ ಎಳೆದು ಮಧ್ಯಾಹ್ನದೊಳಗೆ ಅಲ್ಲಿಯವರೆಗೆ ಕುಡಿಯುವುದು, ವಾರಕ್ಕೊಮ್ಮೆ ಗೆರೆ ಇಳಿಸುವುದು. ಕ್ಯಾಂಟೀನ್ ಕ್ಯೂನಲ್ಲಿ ಎದೆ ಹೊಡೆದುಕೊಂಡರೆ ಓಡಿಹೋಗದೆ, ಗೆಳತಿಯ ಜೊತೆ ಅದು ತಗ್ಗುವವರೆಗೂ ನಿಲ್ಲುವುದು. ಇದು ಅವಳಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಅದೇ ಯುದ್ಧದಲ್ಲಿ, ಉಕ್ರೇನಿನ ಖಾರ್ಕಿವ್‌ನಲ್ಲಿ ದಿನಸಿಗೆ ಕ್ಯೂ ನಿಂತಿದ್ದಾಗ ದಾಳಿಗೆ ಸಿಕ್ಕಿ ತೀರಿಕೊಂಡ ಹಾವೇರಿ ಕಡೆಯ ವಿದ್ಯಾರ್ಥಿ ಅವಳ ಮನಸ್ಸಿನಿಂದ ಹೋಗಿಲ್ಲ. ರಾತ್ರಿ ಹೊತ್ತು ಗಾಬರಿಯಾದರೆ ಮಾತಾಡಲೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ನಂಬರ್ 14416 ಬರೆದುಕೊಟ್ಟೆ.

ತಾಯಿಗೆ ಹೇಳಿದ್ದು ಒಂದೇ: “ನೀರು ಕುಡದೇನು?” ಎಂದು ತಾಸಿಗೊಮ್ಮೆ ಕೇಳಬೇಡಿ.

ಉರಿಮೂತ್ರ ಸದ್ಯ ಮರುಕಳಿಸಿಲ್ಲ. ದೂರದ ಬಸ್ಸಿಗೆ ಮಾತ್ರ ಇನ್ನೂ ಒಣಬಾಯಲ್ಲೇ ಹತ್ತುತ್ತಾಳೆ. ಮುಂದಿನ ಭೇಟಿಯಿಂದ ಆ ಕೆಲಸ ಶುರು.